ಬನ್ನಿ ಕೊಟ್ಟು ಕಪ್ಪುಪಟ್ಟಿ ಸೇರಿದ್ದು

ನಾನು ಮೆಟ್ರಿಕ್ ತನಕ ಓದಿದವನು. ಕಂಪ್ಯೂಟರಿನಲ್ಲಿ ನನಗೆ ಚೆನ್ನಾಗಿ ಬರುವುದು ಒಂದೇ ಕೆಲಸ, 'ಕಳಿಸು' ಎಂಬಲ್ಲಿ ಒತ್ತುವುದು. ಮನೆತನದ ಮಾನ ಕಳೆಯಲು ಅಷ್ಟು ವಿದ್ಯೆ ಸಾಕು.

ವಡಗಾವಿಯಲ್ಲಿ ನಮ್ಮವು ನಾಲ್ಕು ಮಗ್ಗ. ಮಗ ನೇಯುತ್ತಾನೆ, ಸೊಸೆ ಸವಿತಾ ಸೀರೆಯ ವ್ಯಾಪಾರವನ್ನೆಲ್ಲ ಈಮೇಲಿನಲ್ಲಿ ನಡೆಸುತ್ತಾಳೆ. ಹೋದ ದಸರೆಗೆ ಮೊಣಕಾಲು ನೋವು, ಮನೆ ಮನೆಗೆ ಹೋಗಿ ಬನ್ನಿ ಕೊಡಲಾಗಲಿಲ್ಲ. ಒಂದು ಮನೆ ಬಿಟ್ಟರೂ ನಮ್ಮ ಓಣಿಯಲ್ಲಿ ಅದನ್ನು ವರ್ಷವಿಡೀ ನೆನಪಿಡುತ್ತಾರೆ. ಹಾಗಾಗಿ ಸವಿತಾಳ ಕಂಪ್ಯೂಟರಿನಲ್ಲಿದ್ದ ಅಷ್ಟೂ ವಿಳಾಸಗಳಿಗೆ ಬನ್ನಿ ಎಲೆಯ ಚಿತ್ರ ಕಳಿಸಿದೆ: 'ಬನ್ನಿ ತಗೊಂಡು ಬಂಗಾರದಂಗ ಇರೂಣು.' ಉತ್ತರ ಬರೆಯದವರಿಗೆ ಮುಟ್ಟಿಲ್ಲವೆಂದು ಮತ್ತೆ ಕಳಿಸಿದೆ. ಆಮೇಲೆ ಇನ್ನೊಮ್ಮೆ. ಪ್ರೀತಿಗೆ ಮಿತಿಯುಂಟೇ?

ಮರುವಾರದಿಂದ ನಮ್ಮ ಪತ್ರಗಳೆಲ್ಲ ವಾಪಸು ಬರತೊಡಗಿದವು. ಖಾನಾಪುರದ ಶಾಲೆಯೊಂದು ಶಿಕ್ಷಕಿಯರಿಗೆ ಒಂದೇ ಬಣ್ಣದ ಸೀರೆ ಬೇಕೆಂದು ದರ ಕೇಳಿತ್ತು. ಶುಕ್ರವಾರವೇ ಕಡೆಯ ದಿನ. ಅದು ತಪ್ಪಿದರೆ ಎರಡು ಮಗ್ಗ ನಿಲ್ಲುತ್ತಿದ್ದವು. ಸವಿತಾ ಪಾಸ್‌ವರ್ಡ್ ಬದಲಿಸಿದಳು, ಅಲ್ಲಿ ಇಲ್ಲಿ ಫೋನ್ ಮಾಡಿದಳು, ಕೊನೆಗೆ ಪತ್ತೆಹಚ್ಚಿದಳು. ಬೇಡದ ಈಮೇಲ್ ಕಳಿಸುವವರದೊಂದು ಕಪ್ಪುಪಟ್ಟಿ ಇದೆಯಂತೆ. ಅದರಲ್ಲಿ ಲಾಟರಿ ಮೋಸಗಾರರ ಬಾಜುವಿಗೆ ನಾವೂ ಕೂತಿದ್ದೇವಂತೆ.

"ಕಂಪ್ಯೂಟರ್‌ದಾಗ ಏನೇನ್ ಹಾಳೂಮೂಳೂ ನೋಡೀರಿ?" ಎಂದು ಗಂಡನ ಮೇಲೆ ಹರಿಹಾಯ್ದಳು.

"ನಾ ಅದನ್ನ ಮುಟ್ಟೇ ಇಲ್ಲ ಮಾರಾಯ್ತಿ! ಕೇಳ್ ಬೇಕಾರ ಅಪ್ಪಾನ್ನ."

ನಾನು ಸೊಸೆಯ ಕಡೆಗೆ ತಿರುಗಿ, ಏನು ಮಾಡುವುದು ಇಂಥ ಮಗನಿಗೆ ಎಂಬಂತೆ ತಲೆಯಾಡಿಸಿದೆ. ಮೂರು ದಿನ ಆಡಿಸಿದೆ.

ಶುಕ್ರವಾರ ಮಹಾ ಉಪಕಾರಿಯ ಹಾಗೆ ದರಪತ್ರದ ಲಕೋಟೆ ಹಿಡಿದು ಖಾನಾಪುರದ ಬಸ್ಸು ಹತ್ತಿದೆ. ಶಾಲೆಯ ಗುಮಾಸ್ತ ಅದರ ಮೇಲಿನ ಹೆಸರು ಓದಿ ನಕ್ಕ.

"ಬನ್ನಿ ಅಜ್ಜಾರು ನೀವ ಏನ್ರಿ? ಮೂರ್ ಸಲ ಬಂಗಾರ ಕೊಟ್ಟೀರಿ! ಮೂರನೇದಕ್ಕ ನಾನೂ ಸ್ಪ್ಯಾಮ್ ಅಂತ ಒತ್ತೀನ್ರಿ. ಖರೇ ಹೇಳೀನಿ, ಸಿಟ್ಟಾಗಬ್ಯಾಡ್ರಿ."

ಪುಣ್ಯಕ್ಕೆ ಲಕೋಟೆ ತೆಗೆದುಕೊಂಡ. ಮನೆಗೆ ಬಂದವನೇ ಇಬ್ಬರ ಮುಂದೆಯೂ ಒಪ್ಪಿಕೊಂಡೆ. ಮಗ ಎದ್ದು ಮಗ್ಗಕ್ಕೆ ಹೋದ. ಸವಿತಾ ಒಂದು ಅರ್ಜಿ ತೆರೆದಳು. ಪಟ್ಟಿಯಿಂದ ಹೆಸರು ತೆಗೆಯಲು ಏನು ತಪ್ಪಾಯಿತು, ಮುಂದೆ ಆಗದಂತೆ ಏನು ಮಾಡುತ್ತೀರಿ ಎಂದು ಬರೆಯಬೇಕಂತೆ.

"ಹೇಳ್ರಿ ಮಾವಾರ, ಇಂಗ್ಲಿಷ್‌ದಾಗ ನಾ ಬರೀತೀನಿ."

ತಪ್ಪಾಯಿತು ಎಂಬ ಮಾತನ್ನು ಹೆಂಡತಿಗೂ ಹೇಳದೆ ಅವಳನ್ನು ಮಣ್ಣಿಗೆ ಕಳಿಸಿಕೊಟ್ಟವನು, ಊರು ಹೆಸರು ಗೊತ್ತಿಲ್ಲದ ಯಂತ್ರಕ್ಕೆ ಹೇಳಿದೆ. ಎರಡೇ ದಿನದಲ್ಲಿ ಅದು ಕ್ಷಮಿಸಿತು. ಶಾಲೆಯ ಸೀರೆಗಳೂ ನಮಗೇ ಬಂದವು.

ಮಗ ಮಾತ್ರ ಇನ್ನೂ ಕೇಳಿದ್ದಕ್ಕಷ್ಟೇ ಉತ್ತರಿಸುತ್ತಾನೆ. ಅವನ ಪಟ್ಟಿಗೆ ಅರ್ಜಿ ನಮೂನೆಯಿಲ್ಲ. ಈ ದಸರೆಗೆ ಕೋಲೂರಿಕೊಂಡು ಮಗ್ಗದ ಕೋಣೆಗೇ ಹೋಗಿ ಅವನ ಕೈಗೆ ಬನ್ನಿ ಕೊಡುವವನಿದ್ದೇನೆ. ಕಿರಿಯರು ಹಿರಿಯರಿಗೆ ಮೊದಲು ಕೊಡುವುದು ರೂಢಿ, ಇರಲಿ. ಅವನಿಂದ ಉತ್ತರ ಬಾರದಿದ್ದರೆ ಮತ್ತೆ ಕೊಡುತ್ತೇನೆ, ಆಮೇಲೆ ಇನ್ನೊಮ್ಮೆ. ಹೇಗೂ ನನಗೆ ಬರುವುದು ಅದೊಂದೇ ಕೆಲಸ.