ಕೂದಲಿನಷ್ಟು ಹಿತ್ತಾಳೆ

ಆ ಬೀದಿಯಲ್ಲಿ ಹೆಸರು ಹಿಡಿದು ಕೇಳಿದರೆ ಅವನ ವಿಳಾಸ ಯಾರಿಗೂ ತಿಳಿಯುತ್ತಿರಲಿಲ್ಲ. ‘ಭೂತಗನ್ನಡಿ’ ಎಂದರೆ ಸಾಕು, ಮೆಟ್ಟಿಲ ಕೆಳಗಿನ ಕೋಣೆಯತ್ತ ಕೈ ತೋರಿಸುತ್ತಿದ್ದರು. ಮೂವತ್ತೊಂದು ವರ್ಷಗಳಿಂದ ಅವನು ಅಲ್ಲಿ ಕ್ಯಾಮೆರಾ ರಿಪೇರಿ ಮಾಡುತ್ತಿದ್ದ. ಬಲಗಣ್ಣಿಗೆ ಸಿಕ್ಕಿಸಿದ ಕರಿಯ ಭೂತಗನ್ನಡಿ ಊಟದ ಹೊತ್ತಿಗೂ ಕೆಳಗಿಳಿಯುತ್ತಿರಲಿಲ್ಲ. ಮೆಟ್ಟಿಲಿಗೆ ತಲೆ ಬಡಿದೀತೆಂದು ಬಗ್ಗಿ ಬಗ್ಗಿ ರೂಢಿಯಾಗಿ, ಬಟ್ಟಬಯಲಿನಲ್ಲೂ ಅವನು ಬಗ್ಗಿಯೇ ನಡೆಯುತ್ತಿದ್ದ.

“ನಿಮ್ಮ ಅಂಗಡಿ ಒಳಗೆ ಬರಬೇಕಂದ್ರೆ ನಾನೂ ಒಂದು ಸ್ಕ್ರೂ ಆಗಬೇಕು” ಎಂದು ಹೆಂಡತಿ ಹೊಸಿಲಲ್ಲೇ ಬುತ್ತಿ ಇಟ್ಟು ಹೋಗುತ್ತಿದ್ದಳು.

ಅವನಿಗೆ ಜಂಬವೆಂದು ಇದ್ದುದು ಒಂದೇ, ತನ್ನ ಕಣ್ಣಿನದು. “ಅಳತೆ ಸಾಮಾನು ಕಣ್ಣಿಲ್ಲದವರಿಗೆ” ಎಂದು ಬಂದವರೆದುರು ಹೇಳಿಕೊಳ್ಳುತ್ತಿದ್ದ. ಆ ಜಂಬದ ಪೆಟ್ಟು ಬಿದ್ದದ್ದು ಮಾತ್ರ ಅತ್ತಿಗೆಯ ಮೇಲೆ.

ಅಣ್ಣ ತೀರಿಕೊಂಡ ಮೇಲೆ ಅತ್ತಿಗೆ ಅವನ ಸ್ಟುಡಿಯೋವನ್ನೂ ಕ್ಯಾಮೆರಾವನ್ನೂ ಮುಚ್ಚಿಡದೆ ತಾನೇ ನಡೆಸಿದವಳು. ಹತ್ತಿರದ ಶಾಲೆಯಲ್ಲಿ ವರ್ಷಕ್ಕೊಮ್ಮೆ ಪ್ರತಿ ಮಗುವಿನ ಮುಖದ ಫೋಟೋ ತೆಗೆಯುವ ಕೆಲಸ ಇಪ್ಪತ್ತೆರಡು ವರ್ಷಗಳಿಂದ ಅವಳದೇ ಆಗಿತ್ತು. ಅಳುವ ಮಗುವನ್ನು ನಗಿಸುವುದಕ್ಕೆ ಕ್ಯಾಮೆರಾದ ಹಿಂದಿನಿಂದ ಕೋಳಿಯಂತೆ ಕೂಗುತ್ತಿದ್ದಳು. ಆ ಕೂಗು ಪಕ್ಕದ ತರಗತಿಗೂ ಕೇಳುತ್ತಿತ್ತು.

ಹೋದ ವರ್ಷ ಶಾಲೆಯ ಫೋಟೋಗಳಿಗೆ ಮುಂಚೆ ಅವಳು ಕ್ಯಾಮೆರಾ ತಂದಿಟ್ಟಳು. “ಒಳಗೆ ಒಂದು ಧೂಳಿನ ಚುಕ್ಕೆ ಕಾಣುತ್ತೆ ಕಣೋ. ಫೋಟೋದಲ್ಲಿ ಬೀಳಲ್ಲ, ಆದ್ರೆ ನೋಡ್ದಾಗೆಲ್ಲ ಮಕ್ಕಳ ಮೂಗಿನ ಮೇಲೆ ನೊಣ ಕೂತ ಹಾಗಿರುತ್ತೆ.”

ಅಂಥ ಕ್ಯಾಮೆರಾದಲ್ಲಿ ಲೆನ್ಸಿನಿಂದ ಬಂದ ಬೆಳಕು ಓರೆಯಾಗಿ ನಿಂತ ಕನ್ನಡಿಗೆ ತಾಗಿ ಮೇಲಕ್ಕೆ ತಿರುಗುತ್ತದೆ. ಮೇಲೆ, ಒಂದು ಮುಖವನ್ನು ನುಣ್ಣಗೆ ಉಜ್ಜಿ ಮಂಜಾಗಿಸಿದ ಪುಟ್ಟ ಗಾಜಿನ ಮೇಲೆ ಚಿತ್ರವಾಗಿ ನಿಲ್ಲುತ್ತದೆ. ಅದೇ ಸ್ಕ್ರೀನು. ನಾವು ನೋಡುವುದು, ಚಿತ್ರ ಚುರುಕಾಯಿತೆಂದು ನಂಬುವುದು, ಎಲ್ಲ ಆ ಗಾಜನ್ನು ನೋಡಿಯೇ. ಗುಂಡಿ ಒತ್ತಿದಾಗ ಕನ್ನಡಿ ಎದ್ದು ದಾರಿ ಬಿಟ್ಟು, ಬೆಳಕು ನೇರವಾಗಿ ಹಿಂದಿನ ಫಿಲ್ಮಿಗೆ ಹೋಗುತ್ತದೆ. ಲೆನ್ಸಿನಿಂದ ಗಾಜಿಗೆ ಎಷ್ಟು ದೂರವೋ ಫಿಲ್ಮಿಗೂ ಅಷ್ಟೇ ದೂರ ಇರಬೇಕು. ಕೂದಲಿನಷ್ಟು ಹೆಚ್ಚುಕಡಿಮೆಯಾದರೂ ಗಾಜು ಒಂದು ಹೇಳುತ್ತದೆ, ಫಿಲ್ಮು ಇನ್ನೊಂದು.

ಅವನು ಆ ಗಾಜನ್ನು ಹೊರತೆಗೆದು, ಊದಿ, ಬ್ರಷ್ಷಿನಿಂದ ಸವರಿ ಮತ್ತೆ ಕೂರಿಸಿದ. ಕಣ್ಣಿಗಿಟ್ಟು ನೋಡಿದ. ಎದುರು ಮನೆಯ ಕಿಟಕಿಯ ಮೊಳೆ ಮೊಳೆಯೂ ಕಾಣುತ್ತಿತ್ತು. “ತಗೊಳ್ಳಿ ಅತ್ತಿಗೆ, ನೊಣ ಹಾರಿಹೋಯ್ತು.”

ಆ ವರ್ಷದ ಫೋಟೋಗಳಲ್ಲಿ ಮಕ್ಕಳ ಕಿವಿಗಳು ಕೆತ್ತಿಟ್ಟ ಹಾಗಿದ್ದವು. ಕಣ್ಣುಗಳು ಮಾತ್ರ ನೀರಿನೊಳಗಿನಿಂದ ನೋಡುತ್ತಿದ್ದ ಹಾಗೆ ಮಸುಕು. ಅತ್ತಿಗೆ ಇನ್ನೂ ಹತ್ತಿರ ಬಾಗಿ, ಉಸಿರು ಬಿಗಿಹಿಡಿದು ತೆಗೆದಳು. ಮತ್ತೆ ಕಿವಿಗಳೇ. ಗಾಬರಿಯಾಗಿ ಕ್ಯಾಮೆರಾ ಹಿಡಿದು ಮೈದುನನ ಹತ್ತಿರ ಓಡಿಬಂದಳು. “ಇದರಲ್ಲೇ ಏನಾದ್ರೂ ಆಗಿದೆಯೇನೋ, ಒಂದ್ಸಲ ನೋಡಪ್ಪ.”

ಅವನು ಕೂತಲ್ಲೇ ಕ್ಯಾಮೆರಾ ಎತ್ತಿ ಕಿಟಕಿಯತ್ತ ತಿರುಗಿಸಿದ. ಅದೇ ಮೊಳೆಗಳು. “ಕ್ಯಾಮೆರಾಕ್ಕೆ ವಯಸ್ಸಾಗಲ್ಲ ಅತ್ತಿಗೆ. ನಿಮ್ಮ ಕಣ್ಣು ಒಂದ್ಸಲ ತೋರಿಸ್ಕೊಳ್ಳಿ.”

ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಸಂಜೆ ಮನೆಯಲ್ಲಿ ಹೆಂಡತಿಯ ಮುಂದೆ, ಫಿಲ್ಮು ತೊಳೆಯುವ ಲ್ಯಾಬಿನವನ ಮುಂದೆ, ಶಾಲೆಯ ಹೆಡ್‌ಮಿಸ್ ಕೇಳಿದಾಗ ಅವರ ಮುಂದೆಯೂ ಅದನ್ನೇ ನಗೆಚಾಟಿಕೆ ಮಾಡಿದ: “ನಮ್ಮತ್ತಿಗೆ ಈಗ ಕಿವಿ ಡಾಕ್ಟರಾಗಿದ್ದಾರೆ.” ಎಲ್ಲರೂ ನಕ್ಕರು. ಅತ್ತಿಗೆ ಕನ್ನಡಕ ಹಾಕಿಸಿದಳು, ಬದಲಿಸಿದಳು. ಈ ವರ್ಷ ಶಾಲೆಗೆ ಬೇರೆಯವನು ಬಂದ. ಅವಳು ಬೇಲಿಯಾಚೆ ನಿಂತು ಸ್ವಲ್ಪ ಹೊತ್ತು ನೋಡಿ ಮನೆಗೆ ಹೋದಳೆಂದು ಹೆಂಡತಿ ಹೇಳಿದಳು. ಅವನು “ಪಾಪ” ಎಂದ.

ಕೊನೆಗೊಂದು ದಿನ ಅತ್ತಿಗೆ ಕ್ಯಾಮೆರಾವನ್ನು ಮೇಜಿನ ಮೇಲಿಟ್ಟಳು. “ಒರೆಸಿ ಕೊಡೋ. ಕೊಳ್ಳೋರು ನಾಡಿದ್ದು ಬರ್ತಾರೆ. ನನಗೂ ಇದಕ್ಕೂ ಋಣ ತೀರಿತು.”

ಅವಳು ಹೋದ ಮೇಲೆ, ಮಾರುವ ವಸ್ತು ಚೊಕ್ಕಟವಾಗಿರಲೆಂದು ಅವನು ಗಾಜನ್ನು ಮತ್ತೆ ಹೊರತೆಗೆದ. ಗಾಜು ಒರಗುವ ಅಂಚಿನ ಮೇಲೆ ತೆಳ್ಳನೆಯ ಚೌಕದ ಗುರುತು ಕಂಡಿತು. ವರ್ಷಗಟ್ಟಲೆ ಏನೋ ಅಲ್ಲಿ ಕೂತಿದ್ದು ಎದ್ದುಹೋದ ಹಾಗೆ. ಅಲ್ಲಿ ಕೂದಲಿನಷ್ಟು ತೆಳುವಾದ ಹಿತ್ತಾಳೆಯ ಚೌಕಟ್ಟು ಇದ್ದಿರಬೇಕು. ಗಾಜಿನ ದೂರವನ್ನು ಫಿಲ್ಮಿನ ದೂರಕ್ಕೆ ಹೊಂದಿಸಲೆಂದು, ಕ್ಯಾಮೆರಾ ಮಾಡಿದವರು ಇಟ್ಟದ್ದು. ಧೂಳು ತೆಗೆದ ದಿನ ಅದು ಎಲ್ಲಿ ಉದುರಿತೋ! ಕೆಳಗಿನಿಂದ ಒರಗುವ ಗಾಜು ಆ ಕೂದಲಿನಷ್ಟು ಮೇಲಕ್ಕೆ ಸರಿದು ಕೂತಿತ್ತು. ಅದಕ್ಕೇ ಕಣ್ಣಿಗೆ ಹಿಡಿದ ಚುರುಕು ಹಿಂದಿನ ಕಿವಿಗೆ ಬಿದ್ದಿತ್ತು.

ಸ್ಕ್ರೀನನ್ನು ಹಾಗೇ ಕೂರಿಸಿ, ಮೊಳೆಗಳನ್ನು ಚುರುಕು ಮಾಡಿಕೊಂಡು, ಬೇರೊಂದು ಮಂಜುಗಾಜಿನ ತುಂಡನ್ನು ಫಿಲ್ಮಿನ ಜಾಗದಲ್ಲಿಟ್ಟು ಹಿಂದಿನಿಂದ ನೋಡಿದ. ಮೊಳೆಗಳೆಲ್ಲ ಮಸುಕು. ಈ ಪರೀಕ್ಷೆ ಕೆಲಸ ಕಲಿಯುವವರಿಗೂ ಗೊತ್ತು. ತಪ್ಪು ಹೇಳುವ ಗಾಜನ್ನೇ ಎರಡೆರಡು ಸಲ ಸಾಕ್ಷಿ ಕೇಳಿ, ಅತ್ತಿಗೆಯ ಕಣ್ಣಿನ ವಿರುದ್ಧ ತೀರ್ಪು ಕೊಟ್ಟವನು ಅವನು.

ಹಿತ್ತಾಳೆಯ ತಗಡಿನಲ್ಲಿ ಹೊಸ ಚೌಕಟ್ಟು ಕತ್ತರಿಸಿದ. ಮೂರನೆಯದು ಸರಿಹೋಯಿತು. ಅತ್ತಿಗೆಗೆ ಏನೂ ಹೇಳದೆ ಮುಗಿಸಿಬಿಡುವ ಆಸೆಯೂ ಹುಟ್ಟಿತು. ಅವಳ ಮನೆಗೆ ಹೋಗಿ, “ಮಾರೋಕೆ ಮುಂಚೆ ಒಂದು ರೋಲು ಹಾಕಿ ಅತ್ತಿಗೆ, ನನ್ನದೇ ತೆಗೀರಿ” ಎಂದ. ಅವಳು ಮನಸ್ಸಿಲ್ಲದೆ ತೆಗೆದಳು. ಕೋಳಿ ಕೂಗಲಿಲ್ಲ.

ಮರುದಿನ ಮಧ್ಯಾಹ್ನ ಲ್ಯಾಬಿನಿಂದ ಫೋಟೋ ಹಿಡಿದು ಅವಳೇ ಬಂದಳು. ಏದುಸಿರು, ನಗು, ಎಲ್ಲ ಒಟ್ಟಿಗೆ. “ನೋಡೋ! ರೆಪ್ಪೆ ಎಣಿಸಬಹುದು! ಈ ಕನ್ನಡಕ ಈಗ ಹೊಂದಿಕೊಂಡಿತು ಅಂತ ಕಾಣುತ್ತೆ. ನೀನು ಬಲವಂತ ಮಾಡದಿದ್ರೆ ನಾನು ಮಾರೇಬಿಡ್ತಿದ್ದೆ. ನಿನ್ನ ಹೊಟ್ಟೆ ತಣ್ಣಗಿರಲಿ.”

ಫೋಟೋದಲ್ಲಿ ಅವನ ಕಣ್ಣುಗಳು ಚೊಕ್ಕವಾಗಿ ಬಿದ್ದಿದ್ದವು. ಎರಡೂ ಲೆನ್ಸನ್ನು ಬಿಟ್ಟು ಪಕ್ಕದ ಗೋಡೆ ನೋಡುತ್ತಿದ್ದವು.

“ಕನ್ನಡಕ ಅಲ್ಲ ಅತ್ತಿಗೆ” ಎಂದ. ಭೂತಗನ್ನಡಿಯನ್ನು ಕಣ್ಣಿನಿಂದ ಕಳಚಿಟ್ಟ. ಎಲ್ಲವನ್ನೂ ಹೇಳಿದ.

ಅವಳು ಫೋಟೋವನ್ನು ಮೇಜಿನ ಮೇಲಿಟ್ಟು ಕೇಳಿದಳು: “ನಾನು ಬಂದು ಕೇಳಿದ್ನಲ್ಲ, ಆವತ್ತು ಬಿಚ್ಚಿ ನೋಡಲಿಲ್ವಾ?”

“ಇಲ್ಲ.”

“ನಾನು ಕತ್ತಲಾಗೋಕೆ ಮುಂಚೆನೇ ಒಲೆ ಕೆಲಸ ಮುಗಿಸ್ತಿದ್ದೆ ಕಣೋ, ಕಣ್ಣು ಕಾಣದೆ ಕೈ ಸುಟ್ಕೋತೀನಿ ಅಂತ. ಮೆಟ್ಟಿಲಿಳಿಯೋವಾಗ ಗೋಡೆ ಹಿಡ್ಕೋತಿದ್ದೆ. ಚೆನ್ನಾಗಿದ್ದ ಕಣ್ಣು.”

ಅವನು ಕಾಲು ಹಿಡಿಯಲು ಬಗ್ಗಿದ. ಅವಳು ಕಾಲು ಹಿಂದಕ್ಕೆಳೆದುಕೊಂಡಳು.

“ಅದೆಲ್ಲ ಬೇಡ. ನನಗೊಬ್ಬಳಿಗೆ ಹೇಳಿದ್ರೆ ಸಾಲದು. ಕಿವಿ ಡಾಕ್ಟರು ಅಂತ ಯಾರ್ಯಾರ ಮುಂದೆ ನಕ್ಕೆಯೋ ಅವರ ಮುಂದೆಲ್ಲ ಇದನ್ನೂ ಹೇಳು. ಏಳು, ಶಾಲೆ ಬಿಡೋಕೆ ಇನ್ನೂ ಹೊತ್ತಿದೆ.”

ಹೆಡ್‌ಮಿಸ್‌ಗೆ ಸ್ಕ್ರೀನೆಂದರೆ ಏನೆಂದೇ ಗೊತ್ತಿರಲಿಲ್ಲ. ಮೊದಲಿನಿಂದ ವಿವರಿಸಬೇಕಾಯಿತು. ಅವನು ಮೇಜಿನ ಮೇಲಿನ ಒಂದು ನೋಟ್‌ಬುಕ್ಕನ್ನು ಫಿಲ್ಮೆಂದು ನಿಲ್ಲಿಸಿದ, ಇನ್ನೊಂದನ್ನು ಗಾಜೆಂದು ಅಡ್ಡ ಹಿಡಿದ, ಅಳತೆಪಟ್ಟಿಯನ್ನು ಕನ್ನಡಿ ಮಾಡಿದ. ಇಬ್ಬರು ಟೀಚರುಗಳು ಕೆಂಪು ಪೆನ್ನು ಎತ್ತಿಟ್ಟು ಕೇಳತೊಡಗಿದರು. ಅವನಿಗೆ ಕಿವಿಯ ತುದಿವರೆಗೂ ಬಿಸಿಯೇರಿತು.

“ಕೂದಲಿನಷ್ಟು ತಗಡಿಗೆ ಇನ್ನೂರು ಮಕ್ಕಳ ಕಣ್ಣು ಮಂಜಾಯ್ತಾ?” ಎಂದರು ಹೆಡ್‌ಮಿಸ್. “ಅಂದ್ರೆ ತಪ್ಪು ಕ್ಯಾಮೆರಾದ್ದು ಅನ್ನಿ.”

ಹೌದೆಂದು ತಲೆಯಾಡಿಸಿದ್ದರೆ ಮುಗಿಯುತ್ತಿತ್ತು. ಬಾಗಿಲ ಹೊರಗೆ ಬೆಂಚಿನ ಮೇಲೆ ಅತ್ತಿಗೆಯ ಸೀರೆಯಂಚು ಕಾಣುತ್ತಿತ್ತು.

“ಅಲ್ಲ ಮೇಡಂ. ನಂದು. ಆ ತಗಡು ಬೀಳಿಸಿದ್ದೂ ನಾನೇ, ಅವರ ಕಣ್ಣು ಹೋಗಿದೆ ಅಂದಿದ್ದೂ ನಾನೇ.”

ಯಾರೂ ನಗಲಿಲ್ಲ. “ಈ ವರ್ಷದ್ದು ಮುಗಿದುಹೋಯ್ತಲ್ಲ. ಮುಂದಿನ ವರ್ಷ ನೋಡೋಣ” ಎಂದಷ್ಟೇ ಹೆಡ್‌ಮಿಸ್ ಹೇಳಿದರು.

ಅವನು ಹೊರಗೆ ಬಂದ. ಅತ್ತಿಗೆ ಎದ್ದು ಸೆರಗು ಕೊಡವಿಕೊಂಡಳು.

“ಲ್ಯಾಬಿನವನು ಐದಕ್ಕೆ ಬಾಗಿಲು ಹಾಕ್ತಾನೆ. ಬೇಗ ನಡಿ” ಎಂದು ಮುಂದೆ ಹೊರಟಳು. ಅವಳ ಕೈ ಗೋಡೆ ಹುಡುಕುತ್ತಾ ಒಂದು ಗಳಿಗೆ ಚಾಚಿ, ಮತ್ತೆ ಹಿಂದಕ್ಕೆ ಬಂತು. ಶಾಲೆಯ ಮೆಟ್ಟಿಲುಗಳನ್ನು ಅವಳು ಗೋಡೆ ಹಿಡಿಯದೆ ಇಳಿದಳು. ಅವನು ಹಿಂದಿನಿಂದ, ತಲೆಯೆತ್ತದೆ, ಒಂದೊಂದೇ ಮೆಟ್ಟಿಲು ಇಳಿದ.