ನಮ್ಮ ಅಂಗಡಿಗೆ ಹೆಚ್ಚಾದ ಬೆಳಕು

ಗೆಳೆಯರೇ, ಅಗ್ಗದ ಟಾರ್ಚ್ ಬಿಚ್ಚಿ ಬೆಳಕು ಹೆಚ್ಚಿಸುವ ವಿಡಿಯೋ ನೋಡಿದ್ದರೆ ದಯವಿಟ್ಟು ಮರೆತುಬಿಡಿ. ನಿಮ್ಮದು ಸೀರೆ ಅಂಗಡಿಯಾಗಿದ್ದರಂತೂ ಖಂಡಿತ ಮರೆತುಬಿಡಿ.

ಇವತ್ತು ಸಂಜೆ ಇಳಕಲ್ಲಿನ ನಮ್ಮ ಅಂಗಡಿಯಲ್ಲಿ ಕರೆಂಟ್ ಹೋಯಿತು. ಬಾದಾಮಿ ಕಡೆಯ ಹೆಂಗಸೊಬ್ಬರು ಮಗಳ ಮದುವೆಗೆ ಸೀರೆ ಆರಿಸುತ್ತಿದ್ದರು. “ಕೈಮಗ್ಗದ್ದರಿ ಅಕ್ಕಾರ, ಒಂದ ಎಳಿ ತಪ್ಪಿಲ್ಲ” ಎಂದು ಅಪ್ಪ ಹೇಳುತ್ತಲೇ ಇದ್ದರು. ಬೆಳಿಗ್ಗೆಯಷ್ಟೇ ನಾನು ಎಲ್‌ಇಡಿ ಟಾರ್ಚಿನೊಳಗೆ ಕರೆಂಟು ತಡೆಯುವ ಪುಟ್ಟ ರೆಸಿಸ್ಟರ್ ಕಿತ್ತು, ಅಲ್ಲಿ ತಾಮ್ರದ ತಂತಿ ಬೆಸೆದಿದ್ದೆ. ಹೆಮ್ಮೆಯಿಂದ ಹಚ್ಚಿ ಸೀರೆಯ ಮೇಲೆ ಹಿಡಿದೆ. ಅಂಗಡಿಯಲ್ಲಿ ಹಗಲಾಯಿತು.

“ಅಯ್ಯ, ಇಲ್ಲಿ ಎಳಿ ಬಿಟ್ಟೈತಲ್ರಿ!” ಎಂದರು ಆಕೆ. ನನ್ನ ಕೈಯಿಂದ ಟಾರ್ಚ್ ಇಸಿದುಕೊಂಡು ಇನ್ನೊಂದು ಸೀರೆ ಬಿಚ್ಚಿಸಿದರು. “ಇದ್ರಾಗ ಗಂಟ ಐತಿ.” ಟಾರ್ಚ್ ಕಾದು ಕೈ ಸುಡತೊಡಗಿದಾಗ ಅದಕ್ಕೆ ತಮ್ಮ ಸೆರಗು ಸುತ್ತಿ ಹಿಡಿದರೇ ಹೊರತು ಬಿಡಲಿಲ್ಲ. ಕೊನೆಗೆ ಏನೂ ಕೊಳ್ಳದೆ ಎದ್ದರು. ಹೋಗುವಾಗ ಟಾರ್ಚ್ ನನಗೆ ಕೊಡುತ್ತ, “ಬ್ಯಾಟರಿ ಮಾತ್ರ ಭಾಳ ಚಲೋ ಐತಿ ತಮ್ಮಾ. ಇಂಥಾದು ಎಲ್ಲಿ ಸಿಗತೈತಿ?” ಎಂದು ಕೇಳಿದರು.

ಅಪ್ಪ ಸೀರೆಗಳನ್ನು ಒಂದೊಂದಾಗಿ ಮಡಚಿಟ್ಟರು. ಆಮೇಲೆ ಕೇಳಿದರು: “ಬೆಳಕ ಜಾಸ್ತಿ ಮಾಡೂದು ಕಲ್ತೀ. ಕಡಿಮಿ ಮಾಡಾಕ ಬರ್ತೈತೇನಲೇ?”

ಬೆಳಿಗ್ಗೆ ಎಸೆದ ಆ ರೆಸಿಸ್ಟರನ್ನು ಈಗ ಕಸದ ಬುಟ್ಟಿಯಲ್ಲಿ ಹುಡುಕುತ್ತಿದ್ದೇನೆ, ಅದೇ ಟಾರ್ಚ್ ಹಿಡಿದುಕೊಂಡು. ಮೊದಲಿನ ಬೆಳಕಾಗಿದ್ದರೆ ಅದೂ ಕಾಣುತ್ತಿರಲಿಲ್ಲ ಬಿಡಿ.