ಎದುರುಮನೆ ಅಕ್ಕನ ಉಷ್ಣ

ಮೊನ್ನೆ ಮದ್ದೂರಿನ ನೆಂಟರ ಮನೆಗೆ ಹೋಗಿದ್ದೆ. ಒಳಗೆ ಒಲೆಯ ಮೇಲೆ ಬಾರ್ಲಿ ಬೇಯುತ್ತಿತ್ತು. ಗಂಜಿಯಂಥ ಆ ಮಂದ ವಾಸನೆ ಮೂಗಿಗೆ ಬಂದದ್ದೇ ತಡ, ಕೊಪ್ಪದ ನಮ್ಮ ಎದುರುಮನೆಯ ಅಕ್ಕ ಕಣ್ಣ ಮುಂದೆ ಬಂದು ನಿಂತಳು. ಕೊಟ್ಟ ಕಾಫಿ ಕುಡಿಯಲಾಗಲಿಲ್ಲ...

ಅಕ್ಕ ಗಟ್ಟಿ ಹೆಂಗಸು. ಗಂಡ ತೀರಿಕೊಂಡ ಮೇಲೆ ಸೀಮೆಹಸು ಕಟ್ಟಿಕೊಂಡು, ಡೈರಿಗೆ ಹಾಲು ಹಾಕಿ ಬದುಕಿದವಳು. ಅವಳ ಪಕ್ಕದ ಮನೆಯೇ ಮೈದುನನದು. ಮಾತು ಒರಟು, ಆದರೆ ನನ್ನ ಬಾಣಂತನದಲ್ಲಿ ದಿನಾ ಬಂದು ನೀರು ಹಾಕಿದವಳು ಅವಳೇ.

ಒಂದು ದಿನ ಹಿತ್ತಲಲ್ಲಿ ಬೆರಣಿ ತಟ್ಟುತ್ತಾ, "ಒಂದುಕ್ಕೆ ಓದ್ರೆ ಕೆಂಪುಗೆ ಓಯ್ತದೆ ಕಣವ್ವ. ಮುಟ್ಟು ನಿಂತು ಎಸ್ಟು ಕಾಲ ಆಯ್ತು, ಇದೇನ್ ಬಂತು ಈಗ?" ಅಂದಳು.

"ನೋವದಾ ಅಕ್ಕ?"

"ನೋವಿಲ್ಲ. ಉಸ್ಣ ಇರ್ಬೇಕು ಬುಡು."

ಪೇಟೆಯ ಡಾಕ್ಟರು ಹೆಂಗಸರಿಗೆ ಇದೆಲ್ಲ ಮಾಮೂಲು, ಮೂತ್ರದ ಸೋಂಕು ಎಂದು ಮಾತ್ರೆ ಬರೆದರು. ರಕ್ತ ನಿಂತಿತು, ಮತ್ತೆ ಬಂತು. ಮತ್ತೆ ಮಾತ್ರೆ. ಅಕ್ಕ ಬಾರ್ಲಿ ಬೇಯಿಸಿ ಕುಡಿದಳು, ಎಳನೀರು ಕುಡಿದಳು. ಮರುವರ್ಷ ಇನ್ನೊಬ್ಬ ಡಾಕ್ಟರು ಗರ್ಭಕೋಶದ ತೊಂದರೆ ಇರಬೇಕು, ತೆಗೆಸಿಬಿಡಿ ಎಂದರು. ತೆಗೆಸಿದಳು. ಹೊಲಿಗೆ ಒಣಗಿದ ಮೇಲೂ ಕೆಂಪು ನಿಲ್ಲಲಿಲ್ಲ... ಆಮೇಲೆ ಅಕ್ಕ ಯಾರಿಗೂ ಹೇಳುವುದನ್ನೇ ಬಿಟ್ಟಳು.

ಅಷ್ಟರಲ್ಲಿ ಮೈದುನನಿಗೂ ಹಾಗೇ ಆಯಿತು. ಬೀಡಿ ಸೇದುವ ಮನುಷ್ಯ. ಅವನಿಗೆ ರಕ್ತ ಕಂಡದ್ದು ಒಂದೇ ಸಲ. ಅದೇ ಪೇಟೆಯ ಡಾಕ್ಟರು, ಗಂಡಸರಿಗೆ ಹೀಗೆ ರಕ್ತ ಹೋದರೆ ಸುಮ್ಮನಿರಬಾರದು ಎಂದು ಆ ದಿನವೇ ಮಂಡ್ಯಕ್ಕೆ ಸ್ಕ್ಯಾನಿಂಗಿಗೆ ಕಳಿಸಿದರು. ಮೂತ್ರಕೋಶದಲ್ಲಿ ಸಣ್ಣ ಗೆಡ್ಡೆ. ಕ್ಯಾನ್ಸರೇ, ಆದರೆ ಇನ್ನೂ ಬೇರುಬಿಟ್ಟಿರಲಿಲ್ಲ. ಮೈಸೂರಿನಲ್ಲಿ ಕೊಳವೆ ಹಾಕಿ ಕೆರೆದು ತೆಗೆದರು.

ಅವನು ಮನೆಗೆ ಬಂದ ದಿನ ನಾನೂ ಅಕ್ಕನೂ ನೋಡಲು ಹೋದೆವು. ಹೇಗೆ ಶುರುವಾಯಿತೆಂದು ಅವನು ಹೇಳುತ್ತಿದ್ದಂತೆ ಬಾಗಿಲ ಬಳಿ ನಿಂತಿದ್ದ ಅಕ್ಕ ನಡುವೆಯೇ ಬಾಯಿ ಹಾಕಿದಳು.

"ನಂಗೂ ಇಂಗೇ ಕಣಪ್ಪ."

"ಎಸ್ಟು ದಿನದಿಂದ ಅತ್ಗೆ?"

ಅಕ್ಕ ಬೆರಳು ಮಡಿಸಿ ವರ್ಷ ಎಣಿಸಿದಳು. ನೆಟ್ಟಗೆ ನಡೆಯಲಾಗದಿದ್ದರೂ ಅವನು ಮಾರನೆಯ ದಿನವೇ ಕಾರು ಗೊತ್ತುಮಾಡಿ, ನಮ್ಮಿಬ್ಬರನ್ನೂ ಮೈಸೂರಿನ ತನ್ನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ.

ಅದೇ ಕಾಯಿಲೆ. ಆದರೆ ಅಕ್ಕನದು ಮೂತ್ರಕೋಶದ ಗೋಡೆ ದಾಟಿ ಸುತ್ತಲೂ ಹಬ್ಬಿತ್ತು. ಡಾಕ್ಟರು, "ಇದು ಗಂಡಸರಿಗೇ ಹೆಚ್ಚು ಬರೋದಮ್ಮ. ಹೆಂಗಸರಲ್ಲಿ ಯಾರೂ ಬೇಗ ಹುಡುಕೋದಿಲ್ಲ. ಸಿಗೋ ಹೊತ್ತಿಗೆ ಬಲಿತಿರುತ್ತೆ" ಎಂದರು.

ವಾಪಸು ಬರುವಾಗ, ಮಂಡ್ಯ ದಾಟಿದ ಮೇಲೆ, ಕಬ್ಬಿನ ಗದ್ದೆಗಳ ಕಡೆ ಮುಖಮಾಡಿದ್ದ ಅಕ್ಕ ಮೆಲ್ಲಗೆ ನನಗೊಬ್ಬಳಿಗೇ ಎಂಬಂತೆ ಹೇಳಿದಳು: "ಅವನ್ಗೆ ಒಂದ್ಸಲ ಬಂದುದ್ಕೆ ಎಲ್ಲಾ ಎದ್ಬುಟ್ರು. ನಂಗೆ ವರ್ಸಗಟ್ಲೆ ಬಂತು. ಎಂಗುಸ್ರ ರಕ್ತ ಅಂದ್ರೆ ಯಾರ್ಗೂ ಗಾಬ್ರಿನೇ ಇಲ್ಲ ಕಣವ್ವ."

ಮುಂದಿನ ಸೀಟಿನಲ್ಲಿದ್ದ ಮೈದುನನಿಗೂ ಅದು ಕೇಳಿಸಿತು. ಅವನು ತಿರುಗಿ ನೋಡಲಿಲ್ಲ.

ನರಕ್ಕೆ ಕ್ಯಾನ್ಸರಿನ ಔಷಧಿ ಏರಿಸಿದರು. ಅಕ್ಕನ ಮೈ ತಡೆಯಲಿಲ್ಲ. ಕೂದಲು ಹೋಯಿತು, ಬಾಯೆಲ್ಲ ಹುಣ್ಣಾಗಿ ರಾಗಿ ಅಂಬಲಿಯೂ ಸೇರದಾಯಿತು. ಹಸುಗಳನ್ನು ಮೈದುನನೇ ತನ್ನ ಕೊಟ್ಟಿಗೆಗೆ ಹೊಡೆದುಕೊಂಡು ಹೋದ. ಕೊನೆಯ ದಿನಗಳಲ್ಲಿ ನೋವಿಗೆ ಅವಳು ಕೂಗುತ್ತಿದ್ದದ್ದು ಇಡೀ ಬೀದಿಗೆ ಕೇಳುತ್ತಿತ್ತು. ಭತ್ತದ ನಾಟಿ ನಡೆಯುತ್ತಿದ್ದ ಹೊತ್ತಿನಲ್ಲಿ ಹೋದಳು...

ಮೈದುನ ಈಗಲೂ ಇದ್ದಾನೆ. ಬೀಡಿ ಬಿಟ್ಟಿದ್ದಾನೆ. ಮೈಸೂರಿಗೆ ತಪಾಸಣೆಗೆ ಹೋಗಿ ಬಂದಾಗಲೆಲ್ಲ ಬಸ್ಸಿಳಿದವನು ಮೊದಲು ನಮ್ಮ ಬಾಗಿಲಿಗೆ ಬರುತ್ತಾನೆ.

"ಏನೂ ಇಲ್ವಂತೆ ಕಣಮ್ಮ" ಎನ್ನುತ್ತಾನೆ, ಏನೋ ತಪ್ಪು ಮಾಡಿದವನ ಹಾಗೆ.

"ಒಳ್ಳೇದಾಯ್ತು ಬುಡಣ್ಣ" ಎನ್ನುತ್ತೇನೆ.

ಎದುರುಮನೆಗೆ ಬೀಗ ಬಿದ್ದಿದೆ. ಅವನೂ ಆ ಕಡೆ ನೋಡುವುದಿಲ್ಲ, ನಾನೂ ನೋಡುವುದಿಲ್ಲ.